ಸೆಂಟ್ರಿಫ್ಯೂಜಿನಲ್ಲಿ ಸಿಕ್ಕಿಬಿದ್ದ ಮೂರು ಟ್ಯೂಬು

ಬೆಳಗಾವಿಯ ಏಪ್ರಿಲ್ ಮಧ್ಯಾಹ್ನ. ಆಮ್ಲ ತಾಗಿದರೆ ಟಿಬಿ ಬ್ಯಾಕ್ಟೀರಿಯಾ ಯಾವ ಜೀನು ಏರಿಸುತ್ತದೆ ಎಂದು ಅದರ ಆರ್‌ಎನ್‌ಎಯಲ್ಲಿ ನೋಡುವ ಪ್ರಯೋಗ. ಎಚ್37ಆರ್‌ಎ ಎಂಬ ಸೌಮ್ಯ ತಳಿಯ ಕಲ್ಚರು ಎರಡು ತಾಸು ಆಮ್ಲದಲ್ಲಿದ್ದು ಹಾರ್ವೆಸ್ಟಿಗೆ, ಅಂದರೆ ಬ್ಯಾಕ್ಟೀರಿಯಾ ಕೂಡಿಸಿ ತೆಗೆಯುವುದಕ್ಕೆ, ಬಂದಿತ್ತು. ಆರು ಫಾಲ್ಕನ್ ಟ್ಯೂಬು: ಮೂರು ಪಿಎಚ್ 7.0ರ ಕಂಟ್ರೋಲು, ಮೂರು ಪಿಎಚ್ 5.7ರವು. ನಮ್ಮ ಹಳೇ ಸೆಂಟ್ರಿಫ್ಯೂಜಿನ ರೋಟರಿಗೆ 50 ಎಂಎಲ್‌ನವು ನಾಲ್ಕೇ ಹಿಡಿಯುತ್ತವೆ, ಕೂಲಿಂಗ್ ಅಂತೂ ಕೆಟ್ಟು ಯಾವ ಕಾಲವಾಯಿತೋ. ಮೊದಲ ಪಾಳಿಗೆ ಕಂಟ್ರೋಲ್ ಮೂರೂ ಹೋದವು, ಬ್ಯಾಲೆನ್ಸಿಗೆ ನೀರಿನದೊಂದು. 3500 ಆರ್‌ಪಿಎಂ, ಹತ್ತು ನಿಮಿಷ. ಸೂಪರ್, ಅಂದರೆ ಮೇಲಿನ ದ್ರವ ಚೆಲ್ಲಿ, ಆರ್‌ಎನ್‌ಎ ತೆಗೆಯುವ ಟ್ರೈಜಾಲ್ ಹಾಕಿ, ಬೀಡ್ ಟ್ಯೂಬಿಗೆ ಇಳಿಸಿ ಐಸಿನಲ್ಲಿಟ್ಟದ್ದಾಯಿತು. ಎರಡನೇ ಪಾಳಿ ಆಮ್ಲದ್ದು. ಆರು ನಿಮಿಷ ತಿರುಗಿರಬಹುದು, ಕರೆಂಟ್ ಹೋಯಿತು.

ಕರೆಂಟ್ ಇಲ್ಲದಿದ್ದರೆ ಬ್ರೇಕ್ ಇಲ್ಲ. ರೋಟರು ತನ್ನ ಪಾಡಿಗೆ ತಾನು ತಿರುಗಿ ತಿರುಗಿ, ಸಾಕಾದ ಮೇಲೆ ನಿಂತಿತು. ನಿಂತರೂ ಮುಚ್ಚಳ ತೆರೆಯದು, ಲಾಕ್ ಇರುವುದು ಕರೆಂಟಿನ ಮೇಲೆ. ತುರ್ತಿಗೆಂದು ಮುಂದಿನ ಪ್ಯಾನೆಲಿನ ಕೆಳಗೊಂದು ತೂತು ಇರುತ್ತದೆ, ಅದಕ್ಕೊಂದು ಕಡ್ಡಿಕೀಲಿ ಬರುತ್ತದೆ. ಮಷಿನ್ ಇನ್‌ಸ್ಟಾಲ್ ಆದ ದಿನದಿಂದ ಆ ಕೀಲಿಯನ್ನು ಯಾರೂ ಕಂಡಿಲ್ಲ. ಯುಪಿಎಸ್ ಇರುವುದು ಮೈನಸ್ 80 ಫ್ರೀಜರಿಗೆ ಮತ್ತು ಆಫೀಸಿನ ಕಂಪ್ಯೂಟರುಗಳಿಗೆ. ಜನರೇಟರ್ ಇದೆ, ಡೀಸೆಲ್ ಇಲ್ಲ. ಮುಚ್ಚಳದ ಗಾಜಿನಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಬಕೆಟುಗಳು ಶಾಂತವಾಗಿ ತೂಗಾಡುತ್ತಿವೆ. ಸ್ಕ್ರೂಡ್ರೈವರ್ ತಂದು ಪ್ಯಾನೆಲ್ ಬಿಚ್ಚೋಣ ಅಂದರೆ ಎಎಂಸಿ (ವಾರ್ಷಿಕ ರಿಪೇರಿ ಕರಾರು) ಸೀಲ್ ಹರಿಯುತ್ತದೆ, ಆಮೇಲೆ ಆ ಕಾಗದಪತ್ರ ಯಾರು ಬರೆಯಬೇಕು? ನಿಂತೆವು. ಎಸಿ ಬಂದ್ ಆಗಿ ರೂಮು ಬಿಸಿಯಾಗುತ್ತ ಹೋಯಿತು.

ಆಗ ನಾನು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಇರಲಿ ಬಿಡ್ರಿ, ಇಪ್ಪತ್ತು ತಾಸಿಗೆ ಒಮ್ಮೆ ಡಬಲ್ ಆಗೋ ಜೀವ, ಅರ್ಧ ತಾಸಿನ್ಯಾಗ ಏನು ಬದಲಾಗತದ?"

ಅರ್ಧ ತಾಸಿನಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗುತ್ತದೆ. ಬೆಳೆಯುವುದರಲ್ಲಿ ಸೋಮಾರಿಯಾದ ಮಾತ್ರಕ್ಕೆ ಪ್ರತಿಕ್ರಿಯಿಸುವುದರಲ್ಲೂ ಸೋಮಾರಿ ಎಂದುಕೊಂಡದ್ದೇ ತಪ್ಪು. ಟಿಬಿ ಬ್ಯಾಕ್ಟೀರಿಯಾ ಗುಣಿಸಲು 18ರಿಂದ 24 ತಾಸು ಹಿಡಿಯುತ್ತದೆ, ಖರೆ. ಆದರೆ ಚೆನ್ನಾಗಿ ಬೆಳೆಯುತ್ತಿರುವ ಕಲ್ಚರಿನಲ್ಲಿ ಜೀನಿನ ಸಂದೇಶ ಹೊತ್ತ ಅದರ ಎಂಆರ್‌ಎನ್‌ಎಯ ಅರ್ಧಾಯುಷ್ಯ ಸರಾಸರಿ ಒಂಬತ್ತೂವರೆ ನಿಮಿಷ ಎಂದು 2013ರಲ್ಲೇ ಅಳೆದು ಪ್ರಕಟಿಸಿದ್ದಾರೆ. ಅದೇ ವೇಗ ಹಿಡಿದರೆ, ಕರೆಂಟ್ ಇಲ್ಲದ 38 ನಿಮಿಷದಲ್ಲಿ ನಾಲ್ಕು ಅರ್ಧಾಯುಷ್ಯ ಕಳೆದವು, ಶೇಕರಿನಿಂದ ಇಳಿಸುವಾಗ ಇದ್ದ ಸಂದೇಶದಲ್ಲಿ ಹದಿನಾರರ ಒಂದು ಪಾಲೂ ಉಳಿದಿತ್ತೋ ಇಲ್ಲವೋ. ಉಳಿದದ್ದೆಲ್ಲ ಬಕೆಟಿನಲ್ಲಿ ಕೂತಾಗ ಬರೆದದ್ದು.

ಬಕೆಟಿನಲ್ಲಿ ಏನು ನಡೆಯಿತು ಅಂದರೆ, 40 ಎಂಎಲ್ ಕಲ್ಚರಿನ ಬ್ಯಾಕ್ಟೀರಿಯಾ ಎಲ್ಲ ಒಟ್ಟಾಗಿ ಹೆಸರುಕಾಳಿನಷ್ಟು ಪೆಲೆಟ್ಟಿನಲ್ಲಿ ಕೂತವು. ಶೇಕರಿನ ಮೇಲೆ ಫ್ಲಾಸ್ಕಿನ ಗಾಳಿ ಅವಕ್ಕೆ ಸಿಗುತ್ತಿತ್ತು. ಪೆಲೆಟ್ಟಿನ ಒಳಗಿನವಕ್ಕೆ ಎಲ್ಲಿಂದ ಬರಬೇಕು? ಇದ್ದ ಆಮ್ಲಜನಕವನ್ನು ತಾವೇ ಉಸಿರಾಡಿ ಮುಗಿಸಿದವು. ಮುಗಿದದ್ದನ್ನು ಗುರುತಿಸಲು ಈ ಬ್ಯಾಕ್ಟೀರಿಯಾದಲ್ಲಿ ಡಾಸ್‌ಎಸ್, ಡಾಸ್‌ಟಿ ಎಂಬ ಎರಡು ಹೀಮ್ ಹೊತ್ತ ಸೆನ್ಸರುಗಳಿವೆ. ಆಮ್ಲಜನಕ ಇಳಿದರೂ ಸರಿ, ನೈಟ್ರಿಕ್ ಆಕ್ಸೈಡ್ ಬಂದರೂ ಸರಿ, ಕಾರ್ಬನ್ ಮಾನಾಕ್ಸೈಡ್ ಬಂದರೂ ಸರಿ, ಅವು ಡಾಸ್‌ಆರ್ ಎಂಬ ನಿಯಂತ್ರಕಕ್ಕೆ ಫಾಸ್ಫೇಟ್ ದಾಟಿಸುತ್ತವೆ. ಡಾಸ್‌ಆರ್ ಸುಮಾರು 48 ಜೀನುಗಳನ್ನು ಒಟ್ಟಿಗೆ ಏರಿಸುತ್ತದೆ. ದೆಹಲಿಯ ಏಮ್ಸ್‌ನ ಗುಂಪು ಇದೇ ಜೋಡಿಯನ್ನು ಡೆವ್‌ಆರ್–ಡೆವ್‌ಎಸ್ ಎಂದು ಕರೆಯಿತು, ಅದಕ್ಕೇ ಹಳೇ ಪೇಪರುಗಳಲ್ಲಿ ಎರಡು ಹೆಸರು. ಈ 48ರಲ್ಲಿ ಜೋರಾಗಿ ಕೂಗುವುದು ಎಚ್‌ಎಸ್‌ಪಿಎಕ್ಸ್ ಎಂಬ ಜೀನು. ರೋಗಿಯ ಶ್ವಾಸಕೋಶದ ಗಂಟಿನೊಳಗೆ ಗಾಳಿ ಕಡಿಮೆಯಾದಾಗ, ರೋಗಾಣು ನುಂಗುವ ರಕ್ಷಣಾ ಕೋಶವಾದ ಮ್ಯಾಕ್ರೋಫೇಜು ನೈಟ್ರಿಕ್ ಆಕ್ಸೈಡ್ ಎರಚಿದಾಗ ಏಳುವ ಸ್ವಿಚ್ಚೇ ಇದು. ಬಕೆಟ್ ಬೇರೆ, ಗಂಟು ಬೇರೆ ಎಂಬುದು ಅದಕ್ಕೆ ಗೊತ್ತಿಲ್ಲ.

ಸೋಮವಾರದ ಲ್ಯಾಬ್ ಮೀಟಿಂಗಿಗೆ ಸ್ಲೈಡು ಸಿದ್ಧವಾಯಿತು. ಅಷ್ಟಾಗಿ ಏರಿಳಿಯದ ಸಿಗ್‌ಎ ಜೀನಿಗೆ ನಾರ್ಮಲೈಸ್ ಮಾಡಿದರೆ, ಆಮ್ಲದ ಟ್ಯೂಬುಗಳಲ್ಲಿ ಎಚ್‌ಎಸ್‌ಪಿಎಕ್ಸ್ ಪಿಸಿಆರ್‌ನಲ್ಲಿ ಐದು ಸೈಕಲ್ ಮುಂಚೆ, ಅಂದರೆ 32 ಪಟ್ಟು. ಮೂರೂ ರೆಪ್ಲಿಕೇಟು ಒಂದರ ಮೇಲೊಂದು ಕೂತಿವೆ, ಎರರ್ ಬಾರು ಕಣ್ಣಿಗೇ ಕಾಣದು. ಕೂಡದೆ ಏನು ಮಾಡ್ಯಾವು, ಮೂರೂ ಒಂದೇ ರೋಟರಿನಲ್ಲಿ ಸಿಕ್ಕಿಬಿದ್ದವು! "ಫ್ಯಾಗೊಸೋಮಿನ ಆಮ್ಲವೇ ಬ್ಯಾಕ್ಟೀರಿಯಾವನ್ನು ಮಲಗಿಸುತ್ತದೆ" ಎಂದು ದಪ್ಪಕ್ಷರದ ತಲೆಬರಹ. ಫ್ಯಾಗೊಸೋಮ್ ಅಂದರೆ ಮ್ಯಾಕ್ರೋಫೇಜು ನುಂಗಿದ ಬ್ಯಾಕ್ಟೀರಿಯಾವನ್ನು ಇಡುವ ಚೀಲ. ಆಮ್ಲಕ್ಕೆ ನಿಜವಾಗಿ ಏರಬೇಕಾದ ಎಪಿಆರ್‌ಎ ಜೀನು ಅಲುಗಾಡಿರಲಿಲ್ಲ. ಅದಕ್ಕೆ ಉತ್ತರ ರೆಡಿ ಇತ್ತು: ಪ್ರೈಮರ್ (ಪಿಸಿಆರ್‌ನಲ್ಲಿ ಆ ಜೀನನ್ನು ಹುಡುಕುವ ಡಿಎನ್‌ಎ ತುಣುಕು) ಸರಿ ಇಲ್ಲ. ಬೇಕಾದ ರಿಸಲ್ಟ್ ಬಂದರೆ ಬಯಾಲಜಿ, ಬಾರದಿದ್ದರೆ ಪ್ರೈಮರು.

ಮೀಟಿಂಗಿನಲ್ಲಿ ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ಅಟೆಂಡರ್ ಕಾಕಾ, ಅದೂ ಎರಡು ದಿನ ಬಿಟ್ಟು, ಹಾರ್ವೆಸ್ಟ್ ಶೀಟಿಗೆ ಸಹಿ ಮಾಡಿಸಲು ಬಂದಾಗ. "ಅಲ್ರೀ, ಕರೆಂಟ್ ಹೋದಾಗ ಒಳಗ ಇದ್ದೂ ಅವು ಯಾವ ಟ್ಯೂಬ್ರೀ? ಶೀಟಿನ್ಯಾಗ ಹತ್ತ ನಿಮಿಷ ಅಂತ ಬರದೀರಿ." ಅವರ ಡಿಜಿ (ಡೀಸೆಲ್ ಜನರೇಟರ್) ರಿಜಿಸ್ಟರಿನಲ್ಲಿ ನೀಲಿ ಪೆನ್ನಿನಲ್ಲಿ ಸ್ಪಷ್ಟವಾಗಿತ್ತು: 2:10ಕ್ಕೆ ಹೋಯಿತು, 2:48ಕ್ಕೆ ಬಂತು, ಡೀಸೆಲ್ ಇಲ್ಲ. ನಮ್ಮ ಶೀಟಿನಲ್ಲಿ ಪ್ರೋಟೋಕಾಲಿನ ನಿಮಿಷ ಇತ್ತು, ಗಡಿಯಾರದ ನಿಮಿಷ ಇರಲಿಲ್ಲ.

ಆಮೇಲೆ ಆಮ್ಲವೇ ಇಲ್ಲದೆ ಪ್ರಯೋಗ ಮಾಡಿದೆವು. ಪಿಎಚ್ 7.0ರ ಒಂದೇ ಫ್ಲಾಸ್ಕಿನಿಂದ ಅರ್ಧ ನೇರವಾಗಿ ಲೈಸಿಸ್ ಬಫರಿಗೆ, ಇನ್ನರ್ಧ ಸ್ಪಿನ್ ಮಾಡಿ 40 ನಿಮಿಷ ಹಾಗೇ ಬಿಟ್ಟು. ಬಿಟ್ಟದ್ದರಲ್ಲಿ ಎಚ್‌ಎಸ್‌ಪಿಎಕ್ಸ್ ನಾಲ್ಕು ಸೈಕಲ್ ಮುಂಚೆ. ಸ್ಲೈಡು ಅಲ್ಲಿಗೆ ಮುಗಿಯಿತು.

ಇದನ್ನು ಓದುವವರು ಮ್ಯಾಕ್ರೋಫೇಜ್, ಹಸಿವು, ಕಬ್ಬಿಣ, ಏನೇ ಮಾಡುತ್ತಿರಲಿ, ಪಾಳಿ ಹಾಕುವಾಗ ಟ್ರೀಟ್‌ಮೆಂಟಿನ ಪ್ರಕಾರ ಹಾಕಬೇಡಿ. ಪ್ರತಿ ಸ್ಪಿನ್ನಿನಲ್ಲೂ ಕಂಟ್ರೋಲ್ ಒಂದು, ಟೆಸ್ಟ್ ಒಂದು ಇರಲಿ. ಮೂರು ಸ್ಪಿನ್ ಆಗುತ್ತದೆ, ಸಂಜೆ ಬಸ್ಸು ತಪ್ಪುತ್ತದೆ, ತಪ್ಪಲಿ.

ಇನ್ನೂ ಒಳ್ಳೆಯದು, ಸ್ಪಿನ್ನಿಗೆ ಮೊದಲೇ ಬ್ಯಾಕ್ಟೀರಿಯಾವನ್ನು ಇದ್ದಲ್ಲೇ ತಡೆಯುವುದು. ಇದಕ್ಕೆ ಜಿಟಿಸಿ ಬಫರು: 5 ಮೋಲಾರ್ ಗ್ವಾನಿಡಿನ್ ಥಯೋಸಯನೇಟ್, ಅರ್ಧ ಶೇಕಡಾ ಸಾರ್ಕೋಸಿಲ್, 25 ಮಿಲಿಮೋಲಾರ್ ಸೋಡಿಯಂ ಸಿಟ್ರೇಟ್, ಅರ್ಧ ಶೇಕಡಾ ಟ್ವೀನ್-80, ಬಳಸುವ ದಿನ ಬೀಟಾ-ಮರ್ಕ್ಯಾಪ್ಟೋಎಥನಾಲ್ 0.1 ಮೋಲಾರ್. ಕಲ್ಚರಿಗೆ ನಾಲ್ಕು ಪಟ್ಟು ಬಫರು, ಅಂದರೆ 10 ಎಂಎಲ್‌ಗೆ 40. ಶೇಕರಿನಿಂದ ಇಳಿಸಿದ ಫ್ಲಾಸ್ಕನ್ನು ನೇರ ಅದರೊಳಗೆ ಸುರಿಯಬೇಕು. ಇಷ್ಟಾದ ಮೇಲೆ ಕರೆಂಟ್ ಹೋದರೂ ಆರ್‌ಎನ್‌ಎ ಬದಲಾಗದು. ಥಂಡಿ ರೂಮಿನಲ್ಲಿ ಗ್ವಾನಿಡಿನ್ ಹರಳುಗಟ್ಟುತ್ತದೆ, 37 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡರೆ ಕರಗುತ್ತದೆ. ನಮ್ಮಲ್ಲಿ ಇದು ಆ ದಿನ ಏಕೆ ಇರಲಿಲ್ಲ ಅಂದರೆ, ಜನವರಿಯಲ್ಲಿ ಕೊಟ್ಟ ಇಂಡೆಂಟು "ಮೂರು ಕೊಟೇಶನ್ ಲಗತ್ತಿಸಿ" ಎಂದು ಎರಡು ಬಾರಿ ವಾಪಸ್ ಬಂದಿತ್ತು. ಬಫರು ಬಂದದ್ದು ಜೂನಿನಲ್ಲಿ.

ಜಿಟಿಸಿಯ ಇನ್ನೊಂದು ಉಪಕಾರ ಮ್ಯಾಕ್ರೋಫೇಜ್ ಕೆಲಸದವರಿಗೆ ಗೊತ್ತು. ಅದು ಮ್ಯಾಕ್ರೋಫೇಜನ್ನು ಒಡೆಯುತ್ತದೆ, ಟಿಬಿ ಬ್ಯಾಕ್ಟೀರಿಯಾದ ಮೇಣದ ಗೋಡೆಯನ್ನು ಒಡೆಯುವುದಿಲ್ಲ. ಹೋಸ್ಟಿನ ಆರ್‌ಎನ್‌ಎ ಸೂಪರಿನಲ್ಲಿ ಹೋಗುತ್ತದೆ, ಬ್ಯಾಕ್ಟೀರಿಯಾ ತಳಕ್ಕೆ ಬರುತ್ತದೆ. ಹೀಗೆ ಬೇರ್ಪಡಿಸದೆ ಸೀಕ್ವೆನ್ಸಿಂಗಿಗೆ ಕಳಿಸಿದರೆ ರೀಡುಗಳೆಲ್ಲ ಮನುಷ್ಯನದೇ. ಆದರೆ ಗೋಡೆ ಒಡೆದಿಲ್ಲ ಅಂದರೆ ಬ್ಯಾಕ್ಟೀರಿಯಾ ಸತ್ತಿದೆ ಎಂದು ನಂಬುವಂತಿಲ್ಲ, ಟ್ರೈಜಾಲ್ ಹಾಕುವವರೆಗೆ ಜೀವಂತ ಎಂದೇ ಹಿಡಿಯಬೇಕು. ಮತ್ತೆ, ಟಿಬಿ ಲ್ಯಾಬಿನಲ್ಲಿ ಎಲ್ಲದಕ್ಕೂ ಹೈಪೋ (ಹೈಪೋಕ್ಲೋರೈಟ್ ಬ್ಲೀಚು) ಸುರಿಯುವ ಕೈ ಇರುತ್ತದೆ. ಜಿಟಿಸಿಗೂ ಟ್ರೈಜಾಲಿಗೂ ಹೈಪೋ ತಾಗಿಸಬಾರದು, ಥಯೋಸಯನೇಟಿನಿಂದ ವಿಷಾನಿಲ ಏಳುತ್ತದೆ. ಅದರ ವೇಸ್ಟಿಗೆ ಬೇರೆ ಬಾಟಲಿ, ಅದರ ಮೇಲೆ ಹೈಪೋ ಬೇಡ ಎಂದು ಕನ್ನಡದಲ್ಲೇ ಬರೆದಿಡಿ. ಬಾಟಲಿ ಖಾಲಿ ಮಾಡುವವರು ಎಂಎಸ್‌ಸಿ ಓದಿದವರಲ್ಲ.

ಒಡೆಯುವ ಕೆಲಸ ಬೀಡುಗಳದು. 0.1 ಮಿಲಿಮೀಟರಿನ ಜಿರ್ಕೋನಿಯಾ ಬೀಡು, ಟ್ರೈಜಾಲು, 45 ಸೆಕೆಂಡ್ ಬಡಿತ, ನಡುವೆ ಎರಡು ನಿಮಿಷ ಐಸು, ಹೀಗೆ ಮೂರು ಸಲ. ಒಂದೇ ಸಲ ಎರಡು ನಿಮಿಷ ಬಡಿದರೆ ಟ್ಯೂಬು ಕೈ ಸುಡುವಷ್ಟು ಕಾಯುತ್ತದೆ, ಆರ್‌ಎನ್‌ಎ ಚೂರಾಗುತ್ತದೆ. ಆಮೇಲೆ ಉಳಿದ ಡಿಎನ್‌ಎ ಕತ್ತರಿಸಲು ಡಿಎನ್‌ಏಸ್, ಎರಡು ಬಾರಿ. ಒಂದು ಬಾರಿ ಸಾಕು ಎನ್ನುವವರು ಮೈನಸ್ ಆರ್‌ಟಿ (ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಎಂಜೈಮು ಹಾಕದ) ಕಂಟ್ರೋಲ್ ಹಾಕುವುದಿಲ್ಲ, ಅದಕ್ಕೇ ಸಾಕಾಗಿರುತ್ತದೆ. ಪ್ಲಸ್ ಆರ್‌ಟಿಗೂ ಮೈನಸ್ ಆರ್‌ಟಿಗೂ ಕನಿಷ್ಠ ಏಳೆಂಟು ಸೈಕಲ್ ಅಂತರ ಇಲ್ಲದಿದ್ದರೆ ಆ ಸ್ಯಾಂಪಲ್ಲನ್ನು ನಾವು ಓದುವುದಿಲ್ಲ. ಜಿನೋಮಿನ ಜಿಸಿ 65.6 ಶೇಕಡಾ ಇರುವುದರಿಂದ ರ್‍ಯಾಂಡಮ್ ಹೆಕ್ಸಾಮರ್, 50 ಡಿಗ್ರಿ ತಡೆಯುವ ಎಂಜೈಮು, ಹಠಮಾರಿ ಜೀನಿಗೆ 5 ಶೇಕಡಾ ಡಿಎಂಎಸ್‌ಒ.

ಆಮ್ಲದ ಮೀಡಿಯಾದಲ್ಲೇ ಇನ್ನೊಂದು ಗುಂಡಿ ಇದೆ. ಟಿಬಿ ಬೆಳೆಸುವ 7ಎಚ್9 ಮೀಡಿಯಾಕ್ಕೆ ರೂಢಿಯಲ್ಲಿ ಟ್ವೀನ್-80 ಹಾಕುತ್ತೇವೆ, ಗಂಟುಕಟ್ಟದಿರಲಿ ಎಂದು. ಟ್ವೀನ್ ಒಡೆದರೆ ಓಲಿಯಿಕ್ ಆಮ್ಲ ಬಿಡುತ್ತದೆ, ಪಿಎಚ್ ಇಳಿದಾಗ ಅದು ಬ್ಯಾಕ್ಟೀರಿಯಾಗೆ ವಿಷ. ಆಮ್ಲ ಕೊಂದಿತು ಎಂದುಕೊಂಡದ್ದನ್ನು ಡಿಟರ್ಜೆಂಟ್ ಕೊಂದಿರುತ್ತದೆ. ಅದರ ಬದಲು ಟೈಲಾಕ್ಸಪಾಲ್ ಹಾಕಿ. 7ಎಚ್9ನ ಫಾಸ್ಫೇಟು ಈ ಪಿಎಚ್‌ನಲ್ಲಿ ಹಿಡಿತ ಬಿಡುತ್ತದೆ, ಆದ್ದರಿಂದ 5.7ಕ್ಕೆ 100 ಮಿಲಿಮೋಲಾರ್ ಎಂಇಎಸ್, 7.0ಕ್ಕೆ ಅಷ್ಟೇ ಎಂಒಪಿಎಸ್ ಬಫರು. ಪ್ರಯೋಗದ ಕೊನೆಗೆ ಮತ್ತೊಮ್ಮೆ ಪಿಎಚ್ ಅಳೆಯಿರಿ. ಇಂಗಾಲದ ಮೂಲವೂ ಲೆಕ್ಕಕ್ಕೆ ಬರುತ್ತದೆ: ಪಿಎಚ್ 5.7ರಲ್ಲಿ ಗ್ಲಿಸರಾಲ್ ಒಂದೇ ಕೊಟ್ಟರೆ ಬೆಳವಣಿಗೆ ನಿಲ್ಲುತ್ತದೆ, ಪೈರುವೇಟ್ ಅಥವಾ ಕೊಲೆಸ್ಟರಾಲ್ ಕೊಟ್ಟರೆ ಬೆಳೆಯುತ್ತದೆ. ಮ್ಯಾಕ್ರೋಫೇಜಿನೊಳಗೆ ಅದಕ್ಕೆ ಸಿಗುವುದು ಕೊಬ್ಬೇ, ಅದಕ್ಕೇ ಕೊಬ್ಬು ಉಣ್ಣಲು ಬೇಕಾದ ಐಸಿಎಲ್1 ಮತ್ತು ಕೊಲೆಸ್ಟರಾಲ್ ಒಳಗೆಳೆಯುವ ಎಂಸಿಇ4 ಅಷ್ಟು ಮುಖ್ಯ. ಬರೀ ಪಿಎಚ್ ಇಳಿಸಿ ಫ್ಯಾಗೊಸೋಮ್ ಎಂದು ಕರೆಯುವುದು ಖಾಲಿ ತಾಟಿನ ಮುಂದೆ ಕೂಡಿಸಿ ಊಟಕ್ಕೆ ಕರೆದೆ ಅಂದಹಾಗೆ.

ಇನ್ನು ಎಪಿಆರ್‌ಎ. ಹಾರ್ವೆಸ್ಟ್ ಸರಿ ಮಾಡಿದ ಮೇಲೂ ಅದು ಏಳಲಿಲ್ಲ. ಪ್ರೈಮರ್ ಮೂರು ಸಲ ಬದಲಾಯಿಸಿದೆವು. ಅನೀಲಿಂಗ್ ಗ್ರೇಡಿಯೆಂಟ್ ಹಾಕಿದೆವು. ಮೆಲ್ಟ್ ಕರ್ವ್ ಗೋಪುರದ ಹಾಗೆ ಒಂದೇ ಶಿಖರ. ಪ್ರೈಮರಿಗೆ ಏನೂ ಆಗಿರಲಿಲ್ಲ, ನಾವು ಸ್ಟ್ರೇನಿನ ಜಾತಕ ನೋಡಿರಲಿಲ್ಲ. ಎಚ್37 ಎಂಬ ಮೂಲ ತಳಿ 1905ರಲ್ಲಿ ಅಮೆರಿಕದ ಸಾರಾನಾಕ್ ಲೇಕಿನ ರೋಗಿಯಿಂದ ಬಂದದ್ದು. 1930ರ ದಶಕದಲ್ಲಿ ಅದರಿಂದ ಉಗ್ರವಾದ ಆರ್‌ವಿಯನ್ನೂ ಸೌಮ್ಯವಾದ ಆರ್‌ಎಯನ್ನೂ ಬೇರೆ ಮಾಡಿದರು. ಆರ್‌ಎ ಸೌಮ್ಯವಾಗಲು ಒಂದು ಕಾರಣ ಫೋಪ್ ಎಂಬ ನಿಯಂತ್ರಕದ 219ನೇ ಜಾಗದಲ್ಲಿ ಸೆರೀನ್ ಹೋಗಿ ಲ್ಯೂಸೀನ್ ಬಂದಿರುವುದು. ಡಿಎನ್‌ಎಯನ್ನು ಹಿಡಿಯುವ ಭಾಗವೇ ಅದು, ಹಿಡಿತ ಸಡಿಲ. ಆಮ್ಲ ಬಂತೆಂದು ಎಪಿಆರ್‌ಎಯನ್ನು ಎಬ್ಬಿಸಬೇಕಾದದ್ದು ಇದೇ ಫೋಪ್. ಆರ್‌ಎಯ ಫೋಪ್ ಕೆಟ್ಟಿದೆ ಎಂಬ ಮಾತು 2008ರಿಂದ ಪೇಪರುಗಳಲ್ಲಿದೆ. ಅಪಾಯಕಾರಿ ರೋಗಾಣುಗಳ ಬಿಗಿಭದ್ರ ಲ್ಯಾಬು (ಬಿಎಸ್‌ಎಲ್-3) ನಮ್ಮಲ್ಲಿ ಇಲ್ಲ, ಆರ್‌ಎಯಲ್ಲೇ ಆಮ್ಲದ ಪ್ರಶ್ನೆ ಕೇಳೋಣ ಅಂದದ್ದು ಕಿವುಡನ ಮನೆ ಬಾಗಿಲಲ್ಲಿ ನಿಂತು ಕೂಗಿದಂತಾಯಿತು. ಡಾಸ್‌ಆರ್‌ನ ಪ್ರಶ್ನೆಯನ್ನು ಆರ್‌ಎಗೆ ಕೇಳಬಹುದು. ಫೋಪಿನದನ್ನು ಆರ್‌ವಿ ಇರುವ ಬಿಎಸ್‌ಎಲ್-3ಯಲ್ಲೇ ಕೇಳಬೇಕು. ನಾವು ತರಿಸಿದ ಮೂರು ಜೋಡಿ ಪ್ರೈಮರು ಮೈನಸ್ 20ರಲ್ಲಿ ಈಗಲೂ ಇವೆ, ಯಾರಿಗಾದರೂ ಬೇಕಾದರೆ ಹೇಳಿ.

ಕಫದ ಸ್ಯಾಂಪಲ್ಲಿನಲ್ಲಿ ಆರ್‌ಎನ್‌ಎ ನೋಡುವ ಆಸೆ ಇರುವವರಿಗೆ ಇದು ಇನ್ನೂ ಹೆಚ್ಚು ಅನ್ವಯ. ಕಫದಲ್ಲಿನ ಬ್ಯಾಕ್ಟೀರಿಯಾದಲ್ಲಿ ಡಾಸ್‌ಆರ್ ಜೀನುಗಳು ಏರಿರುತ್ತವೆ ಎಂಬುದು 2008ರಲ್ಲಿ ಪ್ರಕಟವಾದ ಸಂಗತಿ. ಆದರೆ ಅಥಣಿಯಲ್ಲಿ ಬೆಳಿಗ್ಗೆ ಉಗುಳಿದ ಕಫ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಧ್ಯಾಹ್ನ ಬೆಳಗಾವಿ ಮುಟ್ಟಿದರೆ ನೀವು ಓದುವುದು ರೋಗಿಯ ಶ್ವಾಸಕೋಶವನ್ನೋ, ಬಸ್ಸಿನ ಪ್ರಯಾಣವನ್ನೋ? ಡಬ್ಬಿಗೆ ಜಿಟಿಸಿ ಬೀಳಬೇಕಾದದ್ದು ಅಥಣಿಯಲ್ಲಿ, ಕಫ ಕೈಗೆ ಬಂದ ಕೂಡಲೇ. ಕಲ್ಚರಿಗೆ ಬೇಕಾದ್ದನ್ನು ಅದಕ್ಕೂ ಮೊದಲು ಬೇರೆ ಡಬ್ಬಿಗೆ ತೆಗೆದಿಡಬೇಕು, ಜಿಟಿಸಿ ಬಿದ್ದದ್ದರಿಂದ ಎಲ್‌ಜೆ ಸ್ಲಾಂಟ್ (ಬ್ಯಾಕ್ಟೀರಿಯಾ ಬೆಳೆಸುವ ಟ್ಯೂಬು) ಹಾಕಲಾಗದು.

ಈಗ ಹಾರ್ವೆಸ್ಟ್ ಶೀಟಿನಲ್ಲಿ ಎರಡು ಕಾಲಂ ಹೆಚ್ಚಿವೆ: ಶೇಕರಿನಿಂದ ಇಳಿದ ಸಮಯ, ಜಿಟಿಸಿಗೆ ಬಿದ್ದ ಸಮಯ. ನಡುವೆ ಒಂದು ನಿಮಿಷ ಮೀರಿದರೆ ಕೆಂಪು ಪೆನ್ನು. ಸೆಂಟ್ರಿಫ್ಯೂಜಿನ ಕಡ್ಡಿಕೀಲಿ ಕಂಪನಿಯಿಂದ ತರಿಸಿ ಮುಚ್ಚಳಕ್ಕೇ ದಾರ ಕಟ್ಟಿ ತೂಗುಹಾಕಿದೆ. ಮರ್ಕ್ಯಾಪ್ಟೋಎಥನಾಲಿನ ವಾಸನೆ ಹುಡ್ ದಾಟಿ ಕಾರಿಡಾರಿಗೆ ಹೋಗುತ್ತದೆ, ಕೊಳೆತ ತತ್ತಿಯ ಹಾಗೆ. ಪರ್ಚೇಸ್ ಸೆಕ್ಷನ್ ಇರುವುದು ಅದೇ ಕಾರಿಡಾರಿನ ಕೊನೆಯಲ್ಲಿ. ಅವರು ಬಂದು ದೂರು ಹೇಳಿದಾಗಲೆಲ್ಲ ಕಾಕಾ ಒಂದೇ ಉತ್ತರ ಕೊಡುತ್ತಾರೆ: "ನೀವ ತರಿಸಿದ್ದಲ್ರೀ ಸಾಹೇಬ್ರ, ಮೂರು ಕೊಟೇಶನ್ ತಗೊಂಡು."