ಒತ್ತಡದ ಲೆಕ್ಕದಲ್ಲಿ ಸೊನ್ನೆ ತಪ್ಪುವುದು ಎಲ್ಲಿ?

ಮೊನ್ನೆ ಒಂದು ಲೆಕ್ಕ ಮಾಡ್ತಾ ಕೂತಿದ್ದೆ. 5 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಪ್ಲೇಟು. ಅದರ ಮೇಲೆ 500 ನ್ಯೂಟನ್ ಬಲ, ಅಂದರೆ ಸುಮಾರು 51 ಕೆಜಿ ಭಾರ. 25 ಚದರ ಸೆಂಟಿಮೀಟರ್‌ಗೆ ಹಂಚಿದರೆ ಒಂದೊಂದು ಚದರ ಸೆಂಟಿಮೀಟರ್‌ಗೂ 20 ನ್ಯೂಟನ್. ಇದನ್ನು ಪ್ಯಾಸ್ಕಲ್‌ಗೆ, ಅಂದರೆ ಚದರ ಮೀಟರ್‌ಗೆ ಎಷ್ಟು ನ್ಯೂಟನ್ ಅನ್ನುವ ಮಾನಕ್ಕೆ ತರಬೇಕಿತ್ತು. ಮೀಟರ್‌ಗೆ 100 ಸೆಂಟಿಮೀಟರ್ ಅಲ್ವಾ ಅಂತ 100ರಿಂದ ಗುಣಿಸಿ 2,000 ಪ್ಯಾಸ್ಕಲ್ ಎಂದು ಬರೆದೆ.

ಬರೆದ ಮೇಲೆ ಯಾಕೋ ಮನಸ್ಸು ಒಪ್ಪಲಿಲ್ಲ. 2,000 ಪ್ಯಾಸ್ಕಲ್ ಅಂದರೆ ಬಕೆಟ್‌ನಲ್ಲಿ 20 ಸೆಂಟಿಮೀಟರ್ ನೀರು ನಿಂತಾಗ ತಳದ ಮೇಲೆ ಬೀಳುವ ಒತ್ತಡ. ಅಂಗೈಗಿಂತ ಚಿಕ್ಕ ಜಾಗದಲ್ಲಿ ಒಬ್ಬ ಮನುಷ್ಯನಷ್ಟು ಭಾರ ಹೇರಿದರೆ ಇಷ್ಟೇನಾ? ಆಗ ತಪ್ಪು ಕಂಡಿತು. ಇಲ್ಲಿ ಬದಲಾಗುತ್ತಿರುವುದು ಉದ್ದ ಅಲ್ಲ, ವಿಸ್ತೀರ್ಣ. ಒಂದು ಚದರ ಮೀಟರ್‌ನಲ್ಲಿ 10,000 ಚದರ ಸೆಂಟಿಮೀಟರ್ ಇವೆ. ಸರಿಯಾದ ಉತ್ತರ 2,00,000 ಪ್ಯಾಸ್ಕಲ್, ಒತ್ತಡದ ದೊಡ್ಡ ಮಾನವಾದ ಬಾರ್‌ನಲ್ಲಿ ಹೇಳುವುದಾದರೆ 2 ಬಾರ್.

ಪ್ಯಾಸ್ಕಲ್ ತುಂಬಾ ಚಿಕ್ಕದು. ಚದರ ಮೀಟರ್‌ಗೆ 80 ಗ್ರಾಂ ತೂಗುವ ಮಾಮೂಲಿ ಪ್ರಿಂಟರ್ ಹಾಳೆಯನ್ನು ಮೇಜಿನ ಮೇಲೆ ಹರವಿದರೆ ಅದು ಒತ್ತುವುದು ಸುಮಾರು 0.8 ಪ್ಯಾಸ್ಕಲ್. ಅದಕ್ಕೇ ದಿನನಿತ್ಯ ಕಿಲೋಪ್ಯಾಸ್ಕಲ್, ಬಾರ್ ಬಳಸುತ್ತೇವೆ. 1 ಬಾರ್‌ಗೆ 100 ಕಿಲೋಪ್ಯಾಸ್ಕಲ್, 10 ಬಾರ್‌ಗೆ 1 ಮೆಗಾಪ್ಯಾಸ್ಕಲ್. ಹವಾಮಾನದವರ ಹೆಕ್ಟೋಪ್ಯಾಸ್ಕಲ್ ಮತ್ತು ಮಿಲಿಬಾರ್ ಎರಡೂ ಒಂದೇ, ಲೆಕ್ಕವೇ ಬೇಡ. ಪಾದರಸದ ಮಿಲಿಮೀಟರ್ ಒಂದಕ್ಕೆ 133.322 ಪ್ಯಾಸ್ಕಲ್. ಬಿಪಿ 120 ಅಂದರೆ ಹೆಚ್ಚುಕಡಿಮೆ 16 ಕಿಲೋಪ್ಯಾಸ್ಕಲ್.

ಯಾವ ಮಾನದಿಂದ ಯಾವುದಕ್ಕೆ ಹೋಗುವುದಿದ್ದರೂ ನಾನು ಮೊದಲು ಪ್ಯಾಸ್ಕಲ್‌ಗೆ ಬಂದು, ಅಲ್ಲಿಂದ ಮುಂದೆ ಹೋಗುತ್ತೇನೆ. ಒಂದು ಹೆಜ್ಜೆ ಜಾಸ್ತಿ ನಿಜ, ಆದರೆ ನೆನಪಿಡಬೇಕಾದ ಅಂಕಿಗಳು ಕಡಿಮೆ.

ಚದರ ಸೆಂಟಿಮೀಟರ್‌ಗೆ ಕಿಲೋ ಅನ್ನುವ ಹಳೆಯ ಮಾನದ ಬಗ್ಗೆ ಮಾತ್ರ ಹುಷಾರಾಗಿರಿ. ಅದು 98.0665 ಕಿಲೋಪ್ಯಾಸ್ಕಲ್, ಅಂದರೆ 0.98 ಬಾರ್. ಹತ್ತಿರವಿದೆ ಅಂತ ಎರಡನ್ನೂ ಒಂದೇ ಎಂದುಕೊಂಡರೆ 2 ಕಿಲೋ ಇದ್ದಾಗ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ, 200 ಕಿಲೋ ಅಂದಲ್ಲಿ ನಿಜವಾಗಿ ಇರುವುದು 196 ಬಾರ್.

ಇನ್ನೊಂದು ವಿಷಯ. ಮಾನ ಬದಲಿಸುವ ಮೊದಲು ಅಂಕಿ ಎಲ್ಲಿಂದ ಎಣಿಸಿದ್ದು ಅಂತ ನೋಡಿ. ಟೈರಿಗೆ ಹಾಕುವ ಗೇಜು ಸೊನ್ನೆ ತೋರಿಸಿದಾಗಲೂ ಒಳಗೆ ಹೊರಗಿನ ಗಾಳಿಯಷ್ಟೇ ಒತ್ತಡ ಇರುತ್ತದೆ. ಸಮುದ್ರಮಟ್ಟದಲ್ಲಿ ಅದು ಸುಮಾರು 101.3 ಕಿಲೋಪ್ಯಾಸ್ಕಲ್. ಗೇಜಿನಲ್ಲಿ 2 ಬಾರ್ ಇದ್ದದ್ದು 4 ಆದರೆ ಒತ್ತಡ ಎರಡು ಪಟ್ಟಾಯಿತು ಅನ್ನಿಸುತ್ತದೆ, ಆದರೆ ಒಳಗಿನ ಗಾಳಿಯ ಲೆಕ್ಕದಲ್ಲಿ ಸುಮಾರು 3 ಇದ್ದದ್ದು 5 ಆಗಿದೆ, ಅಷ್ಟೆ.