ಸಣ್ಣ ತೂತು ಅಂದ್ರೆ ಸಣ್ಣ ಆಪರೇಷನ್ನಾ?

"ತೂತು ಹಾಕಿ ಮಾಡೋದಲ್ವಾ ಸಿಸ್ಟರ್, ಸಣ್ಣ ಆಪರೇಷನ್ ತಾನೇ?" ದಾವಣಗೆರೆಯ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿರುವ ನನ್ನನ್ನು ಜಗಳೂರು, ಹರಿಹರ, ಚನ್ನಗಿರಿ ಕಡೆಯಿಂದ ಬರುವವರೆಲ್ಲ ಲ್ಯಾಪರೊಸ್ಕೋಪಿ, ಅಂದ್ರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್ ಬಗ್ಗೆ ಕೇಳುವ ಪ್ರಶ್ನೆ ಇದು.

ಗಾಯ ಸಣ್ಣದು, ಆಪರೇಷನ್ ಸಣ್ಣದಲ್ಲ. ಪಿತ್ತಕೋಶದ ಕಲ್ಲನ್ನೇ ತಗೊಳ್ಳಿ. ಹೊಕ್ಕುಳ ಹತ್ತಿರ ಸುಮಾರು 10 ಮಿಲಿಮೀಟರಿನ ಒಂದು ತೂತು, ಅದರ ಮೇಲೆ ಇನ್ನೆರಡೋ ಮೂರೋ. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಸಲಕರಣೆ. ಒಳಗಿನ ಕೆಲಸ ಮಾತ್ರ ಹೊಟ್ಟೆ ಕೊಯ್ದು ಮಾಡುವಾಗಿನದ್ದೇ. ಪಿತ್ತಕೋಶದ ನಾಳಕ್ಕೆ, ರಕ್ತನಾಳಕ್ಕೆ ಕ್ಲಿಪ್ ಹಾಕಿ, ಲಿವರಿನಿಂದ ಬಿಡಿಸಿ, ಇಡೀ ಪಿತ್ತಕೋಶವನ್ನೇ ತೆಗೆಯುತ್ತಾರೆ. "ಕಲ್ಲು ಮಾತ್ರ ತೆಗೀರಿ" ಅನ್ನುವವರು ಬೇಕಾದಷ್ಟು ಜನ. ಪಿತ್ತಕೋಶ ಉಳಿಸಿದರೆ ಕಲ್ಲು ಮತ್ತೆ ಕಟ್ಟಬಹುದು. ಪಿತ್ತ ತಯಾರಾಗುವುದು ಲಿವರಿನಲ್ಲಿ, ಪಿತ್ತಕೋಶ ಅದನ್ನು ಕೂಡಿಡುವ ಚೀಲ ಅಷ್ಟೇ, ಹಾಗಾಗಿ ಪಿತ್ತಕೋಶ ಇಲ್ಲದೆಯೂ ಉಂಡದ್ದು ಜೀರ್ಣವಾಗುತ್ತದೆ.

ಇದಕ್ಕೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಊಟ ಬಿಟ್ಟು ಕನಿಷ್ಠ 6 ಗಂಟೆ ಆಗಿರಬೇಕು. ಪಾಪ ಹಸಿದಿದ್ದಾರೆ ಅಂತ ಹಾಲು ಹಾಕಿದ ಚಹಾ ಕುಡಿಸಬೇಡಿ. ಅರಿವಳಿಕೆಯಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಮಾರನೇ ದಿನ ಬೆಳಿಗ್ಗೆ ಎಷ್ಟೋ ಜನ ಬಲಗೈ ಹೆಗಲು ಹಿಡಿದುಕೊಂಡು ಕೂತಿರುತ್ತಾರೆ. "ಹೊಟ್ಟೆ ಆಪರೇಷನ್ ಮಾಡಿದ್ರೆ ಹೆಗಲು ಯಾಕ್ರೀ ನೋಯ್ತೈತಿ?" ಅಂತ ಗಾಬರಿ. ಒಳಗೆ ಜಾಗ ಕಾಣಲಿ ಅಂತ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿರುತ್ತಾರೆ. ಅದರಿಂದ ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆರಳುತ್ತದೆ, ನೋವು ಹೆಗಲಲ್ಲಿ ಕಾಣಿಸುತ್ತದೆ. ಮೆಲ್ಲಗೆ ಎದ್ದು ಓಡಾಡಿ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಹೋಗುತ್ತದೆ. ಉಸಿರು ಕಟ್ಟಿದ ಹಾಗಾದರೆ, ಎದೆ ನೋವು ಬಂದರೆ ಮಾತ್ರ ಕೂಡಲೇ ಕರೆಯಿರಿ.

ಕೆಲವೊಮ್ಮೆ ತೂತಿನಿಂದ ಶುರು ಮಾಡಿ ಹೊಟ್ಟೆ ಕೊಯ್ಯಬೇಕಾಗುತ್ತದೆ. ಒಳಗೆ ಬಾವು ಜಾಸ್ತಿ ಇರಬಹುದು, ಎಲ್ಲ ಅಂಟಿಕೊಂಡಿರಬಹುದು, ರಕ್ತ ನಿಲ್ಲದಿರಬಹುದು. ಹೊರಗೆ ಕಾಯುವ ಮನೆಯವರು "ಡಾಕ್ಟ್ರು ಕೆಡಿಸಿದ್ರು" ಅಂತ ಸಿಟ್ಟಾಗುವುದು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ಸರಿಯಾಗಿ ಕಾಣದ ಕಡೆ ಕತ್ತರಿ ಹಾಕದೆ ಹೊಟ್ಟೆ ತೆರೆಯುವ ಡಾಕ್ಟರು ರೋಗಿಯ ಜೀವ ಕಾಯುತ್ತಿರುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ.

ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಹೊರಗೆ ಹೊಲಿಗೆ ಒಣಗಿತು ಅಂತ ಮೆಕ್ಕೆಜೋಳದ ಚೀಲ ಎತ್ತಬೇಡಿ. ಹೊಕ್ಕುಳ ಹತ್ತಿರದ ತೂತಿನಲ್ಲಿ ಹರ್ನಿಯಾ ಆಗಬಹುದು, ಅಂದ್ರೆ ಒಳಗಿನ ಕೊಬ್ಬೋ ಕರುಳೋ ಆ ಜಾಗದಲ್ಲಿ ಹೊರಗೆ ಉಬ್ಬಬಹುದು. ಎಷ್ಟು ವಾರ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಜ್ವರ, ನಿಲ್ಲದ ವಾಂತಿ, ದಿನದಿಂದ ದಿನಕ್ಕೆ ಏರುವ ಹೊಟ್ಟೆನೋವು, ಹಳದಿಯಾದ ಕಣ್ಣು, ಗಾಯದಲ್ಲಿ ಕೀವು, ಇವುಗಳಲ್ಲಿ ಯಾವುದು ಕಂಡರೂ ಚೀಟಿಯಲ್ಲಿ ಬರೆದ ತಾರೀಕಿಗೆ ಕಾಯದೆ ರಾತ್ರಿಯಾದರೂ ಬನ್ನಿ.