ಲಕ್ಷದ್ವೀಪಕ್ಕೆ ಹೊರಟವರಿಗೆ: ಮಿನಿಕಾಯಿಯಲ್ಲಿ ಮಾತೇ ಬೇರೆ

ಮೊದಲು ಪರ್ಮಿಟ್ ಮಾಡಿಸಿಕೊಳ್ಳಿ. ನಮ್ಮದೇ ದೇಶವಾದರೂ ಅದಿಲ್ಲದೆ ಲಕ್ಷದ್ವೀಪಕ್ಕೆ ಕಾಲಿಡುವ ಹಾಗಿಲ್ಲ. ಅದರಲ್ಲಿ ಯಾವ ಯಾವ ದ್ವೀಪದ ಹೆಸರಿದೆ ಅಂತ ನೀವೇ ಓದಿ ನೋಡಿ. ನಮ್ಮ ಏಜೆಂಟ್ ಮಿನಿಕಾಯಿ ಹೆಸರು ಹಾಕಿಸುವುದನ್ನೇ ಮರೆತಿದ್ದರು, ಅದನ್ನು ಸರಿಪಡಿಸುವಷ್ಟರಲ್ಲಿ ಹಡಗು ಹೋಗಿ ಕೊಚ್ಚಿಯಲ್ಲೇ ನಾಲ್ಕು ದಿನ ಕಾಯಬೇಕಾಯಿತು.

ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಮಿನಿಕಾಯಿ ನೋಡಬೇಕು ಅಂದರೆ ಹಡಗೇ ಗತಿ, ಕೊಚ್ಚಿಯಿಂದ ಸುಮಾರು 400 ಕಿ.ಮೀ. ವಾಂತಿ ಮಾತ್ರೆ ಮರೆಯಬೇಡಿ. ಮಳೆಗಾಲದಲ್ಲಿ ಹೋಗಬೇಡಿ, ಕಡಲು ಕೆಟ್ಟರೆ ಹಡಗಿನ ಹೊತ್ತು ಗೊತ್ತೇ ಆಗುವುದಿಲ್ಲ.

ಎಲ್ಲ ದ್ವೀಪ ಸೇರಿಸಿದರೂ ನೆಲ ಬರೀ 32 ಚದರ ಕಿ.ಮೀ, ಜನ ಇರುವುದು ಹತ್ತರಲ್ಲಿ. 2011ರ ಜನಗಣತಿಯಲ್ಲಿ 64,473 ಜನ. ಇಷ್ಟು ಚಿಕ್ಕ ಜಾಗದಲ್ಲೂ ಮಾತು ಒಂದೇ ಅಲ್ಲ. ಕವರತ್ತಿ, ಅಗತ್ತಿ, ಅಮಿನಿ ಕಡೆ ಆಡುವುದು ಜೆಸರಿ. ಮಲಯಾಳಕ್ಕೆ ಹತ್ತಿರದ್ದು, ಆದರೆ ಕೇರಳದ ಮಲಯಾಳ ಕೇಳಿದ ಕಿವಿಗೆ ಮೊದಲು ಸಿಕ್ಕುವುದಿಲ್ಲ. ಮಲಯಾಳದ 'ವ' ಅಲ್ಲಿ ಎಷ್ಟೋ ಕಡೆ 'ಬ' ಆಗುತ್ತದೆ, 'ವಾ' ಅನ್ನುವ ಬದಲು 'ಬಾ'! ಮನೆ ಬಾಗಿಲಲ್ಲಿ ನಿಂತ ಅಜ್ಜಿಯೊಬ್ಬರು ಹಾಗೆ ಕರೆದಾಗ ನಮ್ಮೂರಿನವರೇ ಕರೆದ ಹಾಗಾಯಿತು.

ನಮ್ಮ ಕರಾವಳಿಗೂ ಈ ದ್ವೀಪಗಳಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಮಂಗಳೂರಿನ ಹಳೆ ಬಂದರಿಂದ ಅಕ್ಕಿ, ತರಕಾರಿ, ಸಿಮೆಂಟು ತುಂಬಿಕೊಂಡು ಮಂಜಿ ಅನ್ನುವ ಸರಕಿನ ದೊಡ್ಡ ದೋಣಿಗಳು ಹೋಗುತ್ತಿದ್ದದ್ದು ಅಲ್ಲಿಗೇ.

ಮಿನಿಕಾಯಿಗೆ ಬಂದರೆ ಜೆಸರಿಯೂ ಇಲ್ಲ. ಅಲ್ಲಿನವರ ಬಾಯಲ್ಲಿ ಊರು ಮಲಿಕು. ಅವರ ಭಾಷೆಗೆ ಮಹಲ್ ಅನ್ನುತ್ತಾರೆ. ಮಾಲ್ದೀವ್ಸ್‌ನ ದಿವೇಹಿಯದೇ ಒಂದು ಬಗೆ ಅದು, ಮಲಯಾಳದ ಕುಟುಂಬದ್ದೇ ಅಲ್ಲ, ಸಿಂಹಳಕ್ಕೆ ಹತ್ತಿರದ್ದು. ಅದರ ಲಿಪಿ ತಾನಾ, ಬಲದಿಂದ ಎಡಕ್ಕೆ ಬರೆಯುತ್ತಾರೆ. ನಾವು ಉಳಿದ ಮನೆಯ ಹುಡುಗಿ ನನ್ನ ಹೆಸರನ್ನು ಹಾಗೆ ಬರೆದುಕೊಟ್ಟಳು, ಆ ಚೀಟಿ ಇನ್ನೂ ಪರ್ಸಿನಲ್ಲಿದೆ. ಮಲಯಾಳ, ಹಿಂದಿಯಲ್ಲಿ ಕೆಲಸ ನಡೆಯುತ್ತದೆ, ಆದರೂ ಸುಮ್ನೆ ಒಂದೆರಡು ಮಹಲ್ ಪದ ಕಲಿಯಿರಿ, ಅವರ ಮುಖ ಅರಳುವುದನ್ನು ನೋಡಬೇಕು. ಇಷ್ಟು ಕಡಿಮೆ ಜನ ಆಡುವ ಮಾತು ಉಳಿಯಲಿ ಅಂತ ನನಗೆ ತುಂಬಾ ಆಸೆ.

1885ರ ಲೈಟ್‌ಹೌಸ್ ಹತ್ತಿ, ಒಣಗಿಸಿದ ಟ್ಯೂನಾ ಮೀನು 'ಮಾಸ್' ತನ್ನಿ. ಹವಳ ಮುಟ್ಟಬೇಡಿ, ತರುವುದಂತೂ ಅಪರಾಧ. ಊರೊಳಗೆ ಮೈ ಮುಚ್ಚುವ ಬಟ್ಟೆ ಹಾಕಿ, ಫೋಟೋಗೆ ಮೊದಲು ಕೇಳಿ. ವಾಪಸಾತಿಯ ರೈಲು ಟಿಕೆಟ್ ಮಾಡಿಸುವಾಗ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ.